ಸುಳ್ಳು ಅರಸನ ಹಿಂದೆ ಹೋದವರು

ಮಧ್ಯಯುಗದ ಯೂರೋಪಿನ ಬಡವರ ದಂಗೆಗಳ ಬಗ್ಗೆ ನಾರ್ಮನ್ ಕೋನ್ ಬರೆದ 'ದಿ ಪರ್ಸ್ಯೂಟ್ ಆಫ್ ದಿ ಮಿಲೆನಿಯಮ್' (1957) ಹೆಸರಾಂತ ಪುಸ್ತಕ. ಅದರಲ್ಲಿ ಬರುವ ಫ್ಲಾಂಡರ್ಸಿನ ಸನ್ಯಾಸಿಯ ಕಥೆಯನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಬೆಳ್ಳಾರೆ.

ಕಥೆ ಹೀಗಿದೆ. ಫ್ಲಾಂಡರ್ಸಿನ ದೊರೆ ಬಾಲ್ಡ್‌ವಿನ್ 1204ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿಯಾದ. ಮರುವರ್ಷವೇ ಬಲ್ಗೇರಿಯನ್ನರ ಕೈಗೆ ಸೆರೆಸಿಕ್ಕಿದ, ಮತ್ತೆ ಬರಲಿಲ್ಲ. ಇಪ್ಪತ್ತು ವರ್ಷದ ಮೇಲೆ ವಲೆನ್ಸಿಯೆನ್ ಬಳಿಯ ಕಾಡಿನಲ್ಲಿದ್ದ ಸನ್ಯಾಸಿಯೊಬ್ಬನೇ ಬಾಲ್ಡ್‌ವಿನ್ ಎಂಬ ಮಾತು ಹಬ್ಬಿತು. ಅದು ಬರಗಾಲದ ಹೊತ್ತು. ಆಳುತ್ತಿದ್ದ ಮಗಳು ಜೋನ್‌ಳನ್ನು ಬಿಟ್ಟು ಊರೂರುಗಳು ಅವನ ಹಿಂದೆ ಹೋದವು. ಫ್ರಾನ್ಸಿನ ದೊರೆ ಎಂಟನೆಯ ಲೂಯಿ ಅವನನ್ನು ಕರೆಸಿ, ನಿನಗೆ ನೈಟ್ ಪದವಿ ಕೊಟ್ಟದ್ದು ಎಲ್ಲಿ ಎಂಬಂಥ ಪ್ರಶ್ನೆಗಳನ್ನು ಕೇಳಿದಾಗ ತಡವರಿಸಿದ. 1225ರಲ್ಲಿ ಲಿಲ್ ಪಟ್ಟಣದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಇನ್ನು ಸುಳ್ಯದ ಕಡೆಗೆ. 1834ರಲ್ಲಿ ಕಂಪನಿ ಸರ್ಕಾರ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಇಳಿಸಿ, ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರಿನ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಯಿತು. ಹಾಲೇರಿ ಅರಸು ಮನೆತನದ ಬಳ್ಳಿಯೆಂದು ಹೇಳಿಕೊಂಡ ಸ್ವಾಮಿ ಅಪರಂಪಾರ, ಅವನ ನಂತರ ಕಲ್ಯಾಣಸ್ವಾಮಿ, ಇಬ್ಬರೂ ಸೆರೆಯಾದರು. ಆಗ ಕೆದಂಬಾಡಿ ರಾಮಯ್ಯ ಗೌಡರಂಥ ಮುಂದಾಳುಗಳು ಪುಟ್ಟಬಸಪ್ಪ ಎಂಬವನನ್ನು ಕಲ್ಯಾಣಸ್ವಾಮಿಯೆಂದು ಜನರ ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ಕೈಸೇರಿತು. 1837ರ ಏಪ್ರಿಲ್ 5ರಂದು ದಂಡು ಮಂಗಳೂರಿಗೆ ನುಗ್ಗಿತು. ಸುಮಾರು ಎರಡು ವಾರ ಪಟ್ಟಣ ಅವರದಾಗಿತ್ತು. ಆಮೇಲೆ ಪುಟ್ಟಬಸಪ್ಪನಿಗೆ ಬಿಕರ್ನಕಟ್ಟೆಯಲ್ಲಿ ಗಲ್ಲು.

ಕೋನ್ ಅವರ ಕಣ್ಣಲ್ಲಿ ಬಾಲ್ಡ್‌ವಿನ್ ಪ್ರಕರಣ ಬೇರು ಕಿತ್ತ ಬಡವರ ಕನಸು, ರಕ್ಷಕನಿಗಾಗಿ ಹಂಬಲಿಸಿದ ಮನಸ್ಸಿನ ಭ್ರಮೆ. ಇಲ್ಲೇ ನನಗೆ ಒಪ್ಪಿಗೆಯಿಲ್ಲ. ಸುಳ್ಯದ ಕಡೆಯಿಂದ ನೋಡಿದರೆ ಈ ವಿವರಣೆ ಕುಂಟುತ್ತದೆ. ಅರಸನ ವೇಷ ಹಾಕಿಸಿದವರು ಬೇರು ಕಿತ್ತವರಲ್ಲ, ಗದ್ದೆ ತೋಟ ಇದ್ದ ಗೌಡರು. ವೇಷದೊಳಗೆ ಯಾರಿದ್ದಾರೆಂಬುದು ಅವರಿಗೆ ಗೊತ್ತಿತ್ತು. (ಯಕ್ಷಗಾನ ನೋಡಿ ಬೆಳೆದ ಊರಿನವರಿಗೆ ವೇಷಧಾರಿಯ ನಿಜ ಹೆಸರು ತಿಳಿದಿದ್ದರೂ ಅರಸು ಅರಸನೇ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.) ಫ್ಲಾಂಡರ್ಸಿನಲ್ಲೂ ಆ ಸನ್ಯಾಸಿಯನ್ನು ಒಪ್ಪಿದವರು ನೇಕಾರರಷ್ಟೇ ಅಲ್ಲ; ಇಂಗ್ಲೆಂಡಿನ ಮೂರನೆಯ ಹೆನ್ರಿಯೇ ಅವನೊಡನೆ ಮೈತ್ರಿಗೆ ಮುಂದಾಗಿದ್ದ. ಅದನ್ನೂ ಭ್ರಮೆ ಎನ್ನೋಣವೇ? 1381ರಲ್ಲಿ ತಲೆಗಂದಾಯದ ವಿರುದ್ಧ ಲಂಡನ್ನಿಗೆ ನುಗ್ಗಿದ ಇಂಗ್ಲಿಷ್ ರೈತರೂ ದೊರೆ ರಿಚರ್ಡನ ಹೆಸರು ಹೇಳಿಕೊಂಡೇ ಹೋದರು. ತೆರಿಗೆ ಕೊಡೆವು ಎನ್ನುವವರಿಗೆ ತೆರಿಗೆ ಬಿಡುವ ಅಧಿಕಾರವಿರುವ ಒಂದು ಹೆಸರು ಬೇಕು. ಆ ಹೆಸರಿನ ಮನುಷ್ಯ ಅಸಲಿಯೋ ನಕಲಿಯೋ ಎಂಬುದು ಲೂಯಿ ದೊರೆಯ ಪ್ರಶ್ನೆ, ಮಂಗಳೂರಿನ ಕಲೆಕ್ಟರನ ಪ್ರಶ್ನೆ.

ಹೋಲಿಕೆಯನ್ನು ಇದಕ್ಕಿಂತ ಹೆಚ್ಚು ಎಳೆಯಬಾರದು. ನಗದು ಕಂದಾಯದ ಕಂಪನಿ ಸರ್ಕಾರ ಮಧ್ಯಯುಗದ ಪ್ರಾಣಿಯಲ್ಲ.

ನಮ್ಮಲ್ಲಿ ಈಗ ಚಾಲ್ತಿಯಲ್ಲಿರುವ ಓದು 1857ಕ್ಕಿಂತ ಇಪ್ಪತ್ತು ವರ್ಷ ಮೊದಲಿನ ಸ್ವಾತಂತ್ರ್ಯ ಸಮರ ಎಂಬುದು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಎದ್ದಿತು. ಬೇಕಾದದ್ದೇ. 'ಕಲ್ಯಾಣಪ್ಪನ ಕಾಟಕಾಯಿ' ಎಂದು ದರೋಡೆಯ ಹಾಗೆ ಹೇಳುತ್ತ ಬಂದಿದ್ದ ಮಾತಿಗೆ ಅದೊಂದು ಉತ್ತರ. ಆದರೆ ಈ ಓದಿನಲ್ಲಿ ವೇಷ ಮುಜುಗರದ ಸಂಗತಿ. ಭಾಷಣಗಳಲ್ಲಿ ಅದನ್ನು ಬೇಗ ದಾಟಿಬಿಡುತ್ತಾರೆ. 'ಕಾಟಕಾಯಿ' ಎಂಬ ಮಾತಿನಲ್ಲಿ ದಂಡು ಹಾದುಹೋದ ದಾರಿಯ ಮನೆಗಳವರ ಹೆದರಿಕೆಯೂ ಇದ್ದೀತು, ಅದನ್ನೂ ದಾಟಿಬಿಡುತ್ತಾರೆ.

ಇಂದಿನ ಕಡಬ ತಾಲೂಕಿನ ಕುಳಕುಂದದಲ್ಲಿ ಹುಟ್ಟಿದ ನಿರಂಜನರು ಈ ದಂಗೆಯ ಸುತ್ತ ಎರಡು ಕಾದಂಬರಿ ಬರೆದರು: 'ಸ್ವಾಮಿ ಅಪರಂಪಾರ', 'ಕಲ್ಯಾಣಸ್ವಾಮಿ'. 'ಚಿರಸ್ಮರಣೆ'ಯಲ್ಲಿ ಕಯ್ಯೂರಿನ ರೈತರ ಕಥೆ ಹೇಳಿದ ಎಡಪಂಥೀಯ ಲೇಖಕ, ಇಲ್ಲಿ ಪುಟ್ಟಬಸಪ್ಪ ಎಂಬ ಹೆಸರನ್ನೇ ಶೀರ್ಷಿಕೆ ಮಾಡಬಹುದಿತ್ತು. ಮಾಡಲಿಲ್ಲ. ವಿಮರ್ಶೆ ಇದನ್ನು ಗಮನಿಸಿದ್ದು ಕಡಿಮೆ ಎಂದು ನನಗನಿಸುತ್ತದೆ. ಜನರು ಯಾವ ಹೆಸರಿನ ಹಿಂದೆ ಬೆಳ್ಳಾರೆಯಿಂದ ಮಂಗಳೂರಿನವರೆಗೆ ನಡೆದರೋ ಆ ಹೆಸರನ್ನೇ ಅವರು ಕಾದಂಬರಿಗೆ ಇಟ್ಟರು.