ಸೂಪರ್‌ಮ್ಯಾನ್ ಸೋತ ಲೆಕ್ಕ

‘ಸೂಪರ್‌ಮ್ಯಾನ್’ ಗಲ್ಲಾಪೆಟ್ಟಿಗೆಯಲ್ಲಿ ನಿರಾಸೆ ಮೂಡಿಸಿತು ಎಂಬ ಸಾಲನ್ನು ಎಷ್ಟು ಕಡೆ ಓದಿದೆನೋ ನೆನಪಿಲ್ಲ. ಜೇಮ್ಸ್ ಗನ್ ನಿರ್ದೇಶಿಸಿದ ಈ ಚಿತ್ರ 2025ರ ಜುಲೈ 11ರಂದು ತೆರೆಕಂಡಿತು. ಕೆಲವರು ಆ ವಾರಾಂತ್ಯ ಕಳೆಯುವ ಮೊದಲೇ ತೀರ್ಪು ಬರೆದಿಟ್ಟು, ಆಮೇಲೆ ಬಂದ ಅಂಕಿಗಳನ್ನೆಲ್ಲ ಅದಕ್ಕೆ ಸಾಕ್ಷಿ ನಿಲ್ಲಿಸಿದರು. ನನ್ನ ತೀರ್ಪನ್ನೂ ಮೊದಲೇ ಹೇಳಿಬಿಡುತ್ತೇನೆ. ಚಿತ್ರ ಸೋತಿಲ್ಲ, ಸೋತಿತೆಂದು ತೋರಿಸಿದ ಲೆಕ್ಕ ಕೆಟ್ಟದ್ದು.

ಚಿತ್ರ ಹೇಗಿದೆ ಎಂಬುದು ಬೇರೆ ಮಾತು. ಕ್ರಿಪ್ಟೊ ಎಂಬ ಆ ತುಂಟ ನಾಯಿ ನನಗೆ ಹಿಡಿಸಿತು, ಕಡೆಯ ಭಾಗದ ಗದ್ದಲ ಹಿಡಿಸಲಿಲ್ಲ. ನಮ್ಮ ಸೆನ್ಸಾರ್ ಮಂಡಳಿ 33 ಸೆಕೆಂಡಿನ ಚುಂಬನಕ್ಕೆ ಕತ್ತರಿ ಹಾಕಿದ್ದರಿಂದ ಲೋಯಿಸ್ ಮತ್ತು ಕ್ಲಾರ್ಕ್ ಪ್ರೇಮವನ್ನು ನಾವಿಲ್ಲಿ ಊಹಿಸಿಕೊಂಡೇ ನೋಡಬೇಕಾಯಿತು. ಇರಲಿ, ಇಲ್ಲಿ ನನಗೆ ಬೇಕಿರುವುದು ದುಡ್ಡಿನ ಮಾತು.

ವಿರೋಧಿಗಳ ವಾದ ಸರಳ. ಜ್ಯಾಕ್ ಸ್ನೈಡರ್ 2013ರಲ್ಲಿ ಮಾಡಿದ ‘ಮ್ಯಾನ್ ಆಫ್ ಸ್ಟೀಲ್’ ಜಗತ್ತಿನಾದ್ಯಂತ ಸುಮಾರು 67 ಕೋಟಿ ಡಾಲರ್ ಗಳಿಸಿತ್ತು. ಗನ್ ಚಿತ್ರ ಸುಮಾರು 61.6 ಕೋಟಿಗೆ ನಿಂತಿತು. ಹನ್ನೆರಡು ವರ್ಷದಲ್ಲಿ ಅಮೆರಿಕದ ಬೆಲೆಗಳು ಮೂರನೇ ಒಂದು ಪಾಲಿಗಿಂತ ಹೆಚ್ಚು ಏರಿವೆ. ಹಾಗಾಗಿ ಇವತ್ತಿನ ಹಣದಲ್ಲಿ ಹಳೆಯ 67 ಕೋಟಿ 92 ಕೋಟಿಯಷ್ಟಾಗುತ್ತದೆ. ಅಂದರೆ 30 ಕೋಟಿ ಡಾಲರ್ ಖೋತಾ! ನಮ್ಮ ಕನ್ನಡದ ಸಿನಿಮಾ ಪುಟಗಳೂ ಇದನ್ನೇ ರೂಪಾಯಿಗೆ ತಿರುಗಿಸಿ, ಸಾವಿರಾರು ಕೋಟಿಯ ಶೀರ್ಷಿಕೆ ಕೊಟ್ಟು ಅಚ್ಚು ಹಾಕಿದವು. ಗುಣಾಕಾರ ಸರಿಯಾಗಿಯೇ ಇತ್ತು. ಯಾವುದನ್ನು ಗುಣಿಸುತ್ತಿದ್ದೇವೆ ಎಂದು ಕೇಳಿಕೊಂಡವರು ಮಾತ್ರ ಕಡಿಮೆ.

ನನ್ನ ಸೋದರಮಾವ ಹಾಸನದ ಒಂದು ಟಾಕೀಸಿನಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದರು. ಸೆಕೆಂಡ್ ಷೋ ಕೌಂಟರ್ ಮುಚ್ಚಿದ ಮೇಲೆ ಡಿಸಿಆರ್, ಅಂದರೆ ದಿನದ ಗಳಿಕೆಯ ವರದಿ, ಬರೆಯಲು ಕೂರುವರು. ಬಾಲ್ಕನಿ, ಸೆಕೆಂಡ್ ಕ್ಲಾಸ್, ಗಾಂಧಿ ಕ್ಲಾಸ್ ಎಂದು ಟಿಕೆಟ್ ನಂಬರಿನ ಸಾಲುಗಳು, ಅವುಗಳ ಕೆಳಗೆ ಗ್ರಾಸ್. ಅದರಲ್ಲಿ ತೆರಿಗೆ ಕಳೆದರೆ ನೆಟ್, ನೆಟ್‌ನಲ್ಲಿ ಟಾಕೀಸಿನ ಬಾಡಿಗೆ ಕಳೆದರೆ ವಿತರಕರ ಶೇರ್. ವಿತರಕರ ಕಡೆಯಿಂದ ಬರುತ್ತಿದ್ದ ರೆಪ್ರೆಸೆಂಟೇಟಿವ್ ಹಾಳೆಯ ಮೇಲಿನ ಯಾವ ಸಾಲನ್ನೂ ಓದುತ್ತಿರಲಿಲ್ಲ. ನೇರ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ‘ಇಷ್ಟೇನಾ ಸ್ವಾಮಿ?’ ಅನ್ನುತ್ತಿದ್ದ. ಗಾಂಧಿನಗರದಲ್ಲಿ ಇವತ್ತಿಗೂ ಗ್ರಾಸ್ ಪೋಸ್ಟರಿಗೆ, ಶೇರ್ ಸಾಲಗಾರನಿಗೆ. ಹಾಲಿವುಡ್ ಚಿತ್ರದ ಮಾತು ಬಂದಾಗ ಮಾತ್ರ ಈ ತಿಳಿವಳಿಕೆಯನ್ನು ನಾವು ಚಪ್ಪಲಿ ಜತೆ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ.

ಆ ಕೊನೆಯ ಸಾಲನ್ನು ಇಲ್ಲೂ ಬರೆದು ನೋಡೋಣ. ಅಮೆರಿಕ ಮತ್ತು ಕೆನಡಾದ ಗಳಿಕೆಯಲ್ಲಿ ಸರಿಸುಮಾರು ಅರ್ಧ, ಹೊರದೇಶಗಳದ್ದರಲ್ಲಿ ಶೇ 40ರ ಆಸುಪಾಸು, ಚೀನಾದಲ್ಲಿ ಕೇವಲ ಶೇ 25 ಸ್ಟುಡಿಯೊದ ಕೈಸೇರುತ್ತದೆ. ಇದು ಉದ್ಯಮ ಒಪ್ಪಿಕೊಂಡಿರುವ ಅಂದಾಜು. ‘ಮ್ಯಾನ್ ಆಫ್ ಸ್ಟೀಲ್’ ಅಮೆರಿಕದಲ್ಲಿ 29.1 ಕೋಟಿ, ಚೀನಾದಲ್ಲಿ ಸುಮಾರು 6.3 ಕೋಟಿ, ಉಳಿದ ಕಡೆ 31.6 ಕೋಟಿ ತಂದಿತು. ಸ್ಟುಡಿಯೊ ಪಾಲು 28.7 ಕೋಟಿಯ ಹತ್ತಿರ. ಗನ್ ಚಿತ್ರ ಅಮೆರಿಕದಲ್ಲೇ 35.4 ಕೋಟಿ ಬಾಚಿತು. ಚೀನಾದಲ್ಲಿ ಒಂದು ಕೋಟಿಯೂ ಹುಟ್ಟಲಿಲ್ಲ, ಉಳಿದ ಕಡೆ ಸುಮಾರು 25.3 ಕೋಟಿ. ಪಾಲು 28 ಕೋಟಿ. ಗ್ರಾಸ್‌ನಲ್ಲಿದ್ದ 5.4 ಕೋಟಿ ಡಾಲರಿನ ಕಂದಕ ಶೇರ್‌ಗೆ ಬರುವ ಹೊತ್ತಿಗೆ 70 ಲಕ್ಷಕ್ಕೆ ಇಳಿಯಿತು.

‘ಹಣದುಬ್ಬರ?’ ಎಂದು ಕೇಳುತ್ತೀರಿ. ಕೇಳಬೇಕಾದ್ದೇ. ಆದರೆ ಗಳಿಕೆಯನ್ನು ಉಬ್ಬಿಸುವವರು ಖರ್ಚನ್ನೂ ಉಬ್ಬಿಸಬೇಕಲ್ಲ? ಎರಡೂ ಚಿತ್ರಗಳ ನಿರ್ಮಾಣ ವೆಚ್ಚ ಕಾಗದದ ಮೇಲೆ ಒಂದೇ, 22.5 ಕೋಟಿ ಡಾಲರ್. 2013ರ ಆ ಮೊತ್ತ ಇವತ್ತಿನ ಲೆಕ್ಕದಲ್ಲಿ 31 ಕೋಟಿ. ಪ್ರಚಾರದ ಖರ್ಚು ಬದಿಗಿಟ್ಟು, ಪಾಲಿನಲ್ಲಿ ವೆಚ್ಚ ಕಳೆದರೆ ಸ್ನೈಡರ್ ಚಿತ್ರಕ್ಕೆ ಇವತ್ತಿನ ಹಣದಲ್ಲಿ 8.6 ಕೋಟಿ, ಗನ್ ಚಿತ್ರಕ್ಕೆ 5.5 ಕೋಟಿ ಉಳಿಯುತ್ತದೆ. ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಮೂರು ಕೋಟಿ ಚಿಲ್ಲರೆ, ಮೂವತ್ತಲ್ಲ.

ಇನ್ನು ‘ಎರಡೂವರೆ ಪಟ್ಟು’ ಎಂಬ ಸೂತ್ರ. ವೆಚ್ಚದ ಎರಡೂವರೆ ಪಟ್ಟು ಗಳಿಸಿದರೆ ಗೆದ್ದಂತೆ ಎಂದು ಮಂತ್ರದಂತೆ ಜಪಿಸುವವರಿದ್ದಾರೆ. ಅದರ ಪ್ರಕಾರ ಗನ್ ಚಿತ್ರಕ್ಕೆ ಬೇಕಿದ್ದದ್ದು 56.3 ಕೋಟಿ, ಬಂದದ್ದು ಅದಕ್ಕಿಂತ ಹೆಚ್ಚು. ಅಲ್ಲಿಗೆ ಜಪ ನಿಲ್ಲಿಸಬೇಕಿತ್ತು. ಅವರು ಸೂತ್ರವನ್ನೇ ಬಿಟ್ಟು 70 ಕೋಟಿ ಎಂಬ ಇನ್ನೊಂದು ಗಡಿ ಹುಡುಕಿಕೊಂಡರು. 70 ಕೋಟಿ ಬೇಕೇಬೇಕು ಎಂಬುದು ಸುಳ್ಳೆಂದು ಗನ್ ಬಿಡುಗಡೆಗೆ ಮುಂಚೆಯೇ ಹೇಳಿದ್ದರು. ನಿರ್ದೇಶಕರ ಮಾತು, ಅದೂ ಡಿಸಿ ಸ್ಟುಡಿಯೊಸ್ ಮುಖ್ಯಸ್ಥರಲ್ಲಿ ಒಬ್ಬರಾಗಿದ್ದವರ ಮಾತು, ನಂಬಲೇಬೇಕೆಂದಿಲ್ಲ. ಹಾಗೆಂದು ಎದುರಾಳಿಯ ಕಲ್ಪನೆಯನ್ನೂ ನಂಬಬೇಕಿಲ್ಲ.

ಆ ಸೂತ್ರವನ್ನು ಹಳೆಯ ಎರಡು ಚಿತ್ರಗಳ ಮೇಲೆ ಇಟ್ಟು ನೋಡಿ. 2005ರ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ವೆಚ್ಚ 15 ಕೋಟಿ, ಗಳಿಕೆ ಸುಮಾರು 37 ಕೋಟಿ. ಮರುವರ್ಷ ಅದೇ ವಾರ್ನರ್ ಬ್ರದರ್ಸ್‌ನ ‘ಸೂಪರ್‌ಮ್ಯಾನ್ ರಿಟರ್ನ್ಸ್’ ಸುಮಾರು 39 ಕೋಟಿ ಗಳಿಸಿತು. ಅಮೆರಿಕದಲ್ಲಿ ಎರಡೂ 20 ಕೋಟಿಯ ಆಸುಪಾಸು. ಆದರೂ ಮೊದಲನೆಯದು ಗೆಲುವು, ಎರಡನೆಯದು ನಿರಾಸೆ. ಎರಡನೆಯದರ ವೆಚ್ಚ 20 ಕೋಟಿ ದಾಟಿತ್ತು ಎಂಬುದು ಒಂದು ಕಾರಣ. ನಿರ್ದೇಶಕ ಟಿಮ್ ಬರ್ಟನ್ ಕಾಲದಿಂದ ಸೂಪರ್‌ಮ್ಯಾನ್ ಹೆಸರಲ್ಲಿ ಹಲವು ಯೋಜನೆಗಳು ಬಿದ್ದುಹೋಗಿ ದುಡ್ಡು ಕರಗಿತ್ತು ಎಂಬುದು ಇನ್ನೊಂದು. ಆದರೆ ಮುಖ್ಯ ಕಾರಣ, ಆಗ ಸ್ಟುಡಿಯೊ ಅಧ್ಯಕ್ಷರಾಗಿದ್ದ ಅಲನ್ ಹಾರ್ನ್ 50 ಕೋಟಿ ನಿರೀಕ್ಷಿಸಿದ್ದರು, ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟರು. ಎರಡೂವರೆ ಪಟ್ಟಿನ ಸೂತ್ರದಲ್ಲಿ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ಕೂಡ ಕೂದಲೆಳೆಯಲ್ಲಿ ಫೇಲು. ಅದರ ಬೆನ್ನಿಗೆ ಬಂದ ‘ದಿ ಡಾರ್ಕ್ ನೈಟ್’ ನೂರು ಕೋಟಿ ಡಾಲರ್ ದಾಟಿತು. ಸೂತ್ರ ನಂಬಿದ್ದರೆ ಆ ಚಿತ್ರವೇ ಹುಟ್ಟುತ್ತಿರಲಿಲ್ಲ.

ನಾನು ನೆಚ್ಚುವ ಅಂಕಿ ಬೇರೆ: ಎರಡನೇ ವಾರಾಂತ್ಯದ ಕುಸಿತ. ಮೊದಲ ವಾರ ಜನ ಬರುವುದು ಪೋಸ್ಟರ್ ನೋಡಿ, ಎರಡನೇ ವಾರ ಪಕ್ಕದ ಮನೆಯವರ ಮಾತು ಕೇಳಿ. ‘ಮ್ಯಾನ್ ಆಫ್ ಸ್ಟೀಲ್’ ಅಮೆರಿಕದಲ್ಲಿ ಶೇ 65ರಷ್ಟು ಬಿತ್ತು. 2016ರ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ 16.6 ಕೋಟಿಯ ಭರ್ಜರಿ ಆರಂಭ ಕಂಡು ಶೇ 69ರಷ್ಟು ಬಿತ್ತು. 12.5 ಕೋಟಿಯಿಂದ ಹೊರಟ ಗನ್ ಚಿತ್ರದ ಕುಸಿತ ಶೇ 53. ಅದೂ ಬಿಡುಗಡೆಯಾಗಿ 35 ದಿನಕ್ಕೇ, ಆಗಸ್ಟ್ 15ರಂದು, ಮನೆಯಲ್ಲಿ ಕೂತು ನೋಡಲು ಡಿಜಿಟಲ್‌ನಲ್ಲಿ ಸಿಕ್ಕಿಬಿಟ್ಟ ಚಿತ್ರ ಅಮೆರಿಕದಲ್ಲಿ ಆ 35.4 ಕೋಟಿ ಗಳಿಸಿದೆ.

ಚಿತ್ರದ ಪರ ನಿಂತವರೊಂದಿಗೂ ನನಗೆ ತಕರಾರಿದೆ. ಆ ವರ್ಷದ ಸೂಪರ್‌ಹೀರೊ ಚಿತ್ರಗಳಲ್ಲಿ ಇದೇ ಮೊದಲು ಎಂದು ಅವರು ಎದೆ ತಟ್ಟಿಕೊಳ್ಳುತ್ತಾರೆ. ನಿಜವೇ. ಆದರೆ ‘ಫೆಂಟಾಸ್ಟಿಕ್ ಫೋರ್’ ಸುಮಾರು 52 ಕೋಟಿಗೆ, ‘ಥಂಡರ್‌ಬೋಲ್ಟ್ಸ್’ 38 ಕೋಟಿಗೆ ನಿಂತ ವರ್ಷದಲ್ಲಿ ಮೊದಲ ಸ್ಥಾನವೆಂದರೆ ಹಾಳೂರಿಗೆ ಉಳಿದವನೇ ಗೌಡ ಎಂದಂತೆ. ಹೊರದೇಶಗಳಲ್ಲಿ ಈ ಚಿತ್ರ ಸಪ್ಪೆ ಎಂಬುದನ್ನೂ ಒಪ್ಪಬೇಕು. ಅದನ್ನು ನಿರಾಸೆ ಎಂದರೆ ನನ್ನ ತಕರಾರಿಲ್ಲ. ಹೊರದೇಶದ ನಿರಾಸೆಯನ್ನು ಇಡೀ ಚಿತ್ರದ ಹಣೆಗೆ ಬರೆದರೆ ತಕರಾರಿದೆ.

‘ಸೂಪರ್‌ಮ್ಯಾನ್ ರಿಟರ್ನ್ಸ್’ಗೆ 2009ರಲ್ಲಿ ಬರಬೇಕಿದ್ದ ಮುಂದಿನ ಭಾಗ ಬರಲೇ ಇಲ್ಲ. ‘ಮ್ಯಾನ್ ಆಫ್ ಸ್ಟೀಲ್’ಗೆ ಮುಂದಿನ ಭಾಗವೆಂದು ಸಿಕ್ಕಿದ್ದು ಹೆಸರಲ್ಲೇ ಬ್ಯಾಟ್‌ಮ್ಯಾನ್‌ನನ್ನು ಮುಂದೆ ನಿಲ್ಲಿಸಿಕೊಂಡ ಚಿತ್ರ. ಗನ್ ಚಿತ್ರ ಬಂದು ಎರಡು ತಿಂಗಳು ತುಂಬುವ ಮೊದಲೇ, 2025ರ ಸೆಪ್ಟೆಂಬರ್‌ನಲ್ಲಿ, ಅದರ ಮುಂದಿನ ಚಿತ್ರ ‘ಮ್ಯಾನ್ ಆಫ್ ಟುಮಾರೋ’ ಘೋಷಣೆಯಾಯಿತು. ಬಿಡುಗಡೆಗೆ ಇಟ್ಟ ದಿನಾಂಕ 2027ರ ಜುಲೈ 9.