ದಾವಣಗೆರೆ ಎಕ್ಸ್‌ಪ್ರೆಸ್‌ನ ಹತೋಟಿ

ಜಗಳೂರಿನಲ್ಲಿ ಚೆಂಡು ಹಿಡಿದು ಓಡುವ ಹುಡುಗರಿಗೆ ಕ್ರಿಕೆಟ್ ಬೌಲರ್ ಆರ್. ವಿನಯ್ ಕುಮಾರ್ ನಮ್ಮ ಜಿಲ್ಲೆಯವರೇ ಎಂಬುದು ದೊಡ್ಡ ಧೈರ್ಯ. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಹೆಸರಾದರೂ ಅವರ ಬಲವಿದ್ದದ್ದು ವೇಗದಲ್ಲಲ್ಲ, ಹತೋಟಿಯಲ್ಲಿ. ಚೆಂಡಿನ ಹೊಲಿಗೆ ನೆಟ್ಟಗೆ, ಮಣಿಕಟ್ಟು ಅದರ ಹಿಂದೆಯೇ. ಆಫ್ ಸ್ಟಂಪಿನತ್ತ ಬಂದ ಚೆಂಡು ಕೊನೇ ಗಳಿಗೆಯಲ್ಲಿ ಹೊರಕ್ಕೆ ವಾಲುತ್ತಿತ್ತು. ಆಡಲೋ ಬಿಡಲೋ ಎಂದು ಬ್ಯಾಟರ್ ತಡವರಿಸುವಷ್ಟರಲ್ಲಿ ಅಂಚು ಸವರಿ ಕೀಪರ್ ಕೈ ಸೇರುತ್ತಿತ್ತು. 2017ರಲ್ಲಿ ನಾಗ್ಪುರದಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್ ತಂದದ್ದೂ ಇದೇ ಶಿಸ್ತು.

ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದಿತು. ಎರಡನೆಯ ಫೈನಲ್‌ನಲ್ಲಿ ಐದು ವಿಕೆಟ್ ಕಿತ್ತು ಶತಕವನ್ನೂ ಬಾರಿಸಿದರು. ಭಾರತಕ್ಕಾಗಿ ಆಡಿದ್ದು ಒಂದೇ ಟೆಸ್ಟ್. 2021ರಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆಯಲ್ಲಿ 504 ವಿಕೆಟ್‌ಗಳಿದ್ದವು. ದುಡಿಮೆಯನ್ನೇ ಕಲೆಯಾಗಿಸಿಕೊಂಡ ಬೌಲರ್ ಇವರು. ಬೌಲಿಂಗ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.