‘ಬಿಟಿಎಂ ಲೇಔಟ್ ಬಂತು’: ನಿರ್ದೇಶ ಚೌಕಟ್ಟು ಮತ್ತು ಚಲನೆಯ ಮಾನಸಿಕ ಚಿತ್ರ

2025ರ ಆಗಸ್ಟ್‌ನಲ್ಲಿ ಆರಂಭಗೊಂಡ ನಮ್ಮ ಮೆಟ್ರೋ ಹಳದಿ ಮಾರ್ಗದ ಪ್ರಯಾಣಿಕರು ‘ಜಯದೇವ ಆಯ್ತು, ಬಿಟಿಎಂ ಲೇಔಟ್ ಬಂತು’ ಎಂದರೆ ನಮಗೆ ವಿಚಿತ್ರವೆನಿಸದು. ಚಲಿಸುವುದು ರೈಲು, ‘ಬರು’ ಧಾತುವಿನ ಕರ್ತೃಪದ ಮಾತ್ರ ನಿಲ್ದಾಣ. ಲಿಯೊನಾರ್ಡ್ ಟಾಲ್ಮಿಯವರ ‘ಟುವರ್ಡ್ ಎ ಕಾಗ್ನಿಟಿವ್ ಸಿಮ್ಯಾಂಟಿಕ್ಸ್’ (2000) ಗ್ರಂಥದ ವರ್ಗೀಕರಣವನ್ನು ಅನ್ವಯಿಸಿದರೆ ಇದು ಚೌಕಟ್ಟು-ಸಾಪೇಕ್ಷ ಕಲ್ಪಿತ ಚಲನೆ: ವೀಕ್ಷಕನನ್ನು ಸ್ಥಿರವೆಂದು ಬಗೆದಾಗ ಪರಿಸರವೇ ಅವನತ್ತ ಸರಿಯುತ್ತದೆ. ಈ ಅನ್ವಯ ಆಕರ್ಷಕ. ಆದರೆ ಕನ್ನಡದ ಮಟ್ಟಿಗೆ ಅವಸರದ್ದು.

‘ಮರಗಳು ಹಿಂದಕ್ಕೆ ಓಡುತ್ತಿವೆ’ ಎಂಬ ವಾಕ್ಯದೊಡನೆ ಹೋಲಿಸೋಣ. ಅಲ್ಲಿ ದಿಕ್ಕೂ ಇದೆ, ಚಲನೆಯ ರೀತಿಯೂ ಇದೆ. ದೃಷ್ಟಿಗೋಚರ ಅನುಭವವೇ ವಾಕ್ಯವಾಗಿದೆ. ‘ಬಿಟಿಎಂ ಲೇಔಟ್ ನಮ್ಮ ಕಡೆಗೆ ಓಡಿ ಬಂತು’ ಎಂಬುದನ್ನು ಮಾತ್ರ ಯಾರೂ ಸಹಜ ಕನ್ನಡವೆಂದು ಒಪ್ಪಲಾರರು. ‘ಬೇಗ ಬಂತು’ ಎನ್ನಬಹುದು. ಅಲ್ಲಿ ‘ಬೇಗ’ ಸೂಚಿಸುವುದು ನಿಲ್ದಾಣದ ವೇಗವನ್ನಲ್ಲ, ಕಳೆದ ಕಾಲದ ಅಲ್ಪತೆಯನ್ನು. ನಮ್ಮ ಮೆಟ್ರೋದ ಆಸನಗಳು ಬೋಗಿಯ ಪಕ್ಕಗಳಿಗೆ ಒತ್ತಿ ಉದ್ದಕ್ಕೂ ಇವೆ, ಅಂದರೆ ಕುಳಿತವರ ಮುಖ ಪಯಣದ ದಿಕ್ಕಿಗಿಲ್ಲ. ಸುರಂಗದೊಳಗಂತೂ ಸರಿಯುವ ಪರಿಸರವೇ ಕಾಣದು. ಆದರೂ ‘ಮೆಜೆಸ್ಟಿಕ್ ಬಂತು’ ಎಂಬ ಮಾತಿಗೆ ಅಡ್ಡಿಯಿಲ್ಲ.

ಹೆಚ್ಚು ನಿರ್ಣಾಯಕವಾದುದು ‘ಆಯ್ತು’. ಇಲ್ಲಿ ‘ಬರು’ ನಿಜಕ್ಕೂ ಚಲನೆಯನ್ನು ಸೂಚಿಸುತ್ತಿದ್ದರೆ ದಾಟಿದ ನಿಲ್ದಾಣಕ್ಕೆ ಅದರ ಜೋಡಿಯಾದ ‘ಹೋಗು’ ಸಲ್ಲಬೇಕಿತ್ತು. ಆದರೆ ‘ಸ್ಟಾಪ್ ಹೋಯ್ತು’ ಎಂದರೆ ಇಳಿಯುವುದು ತಪ್ಪಿತೆಂಬ ಅಳಲು. ದಾಟಿದ್ದನ್ನು ಹೇಳಲು ನಾವು ಬಳಸುವುದು ‘ಆಗು’. ಊಟ ಆಯ್ತು, ದಸರಾ ಆಯ್ತು ಎಂಬಲ್ಲಿನ ಧಾತು. ‘ಬರು–ಆಗು’ ಜೋಡಿಯು ನಿಲ್ದಾಣಗಳನ್ನು ಸರದಿಯಲ್ಲಿ ನಡೆಯುವ ಘಟನೆಗಳಂತೆ ಪೋಣಿಸುತ್ತದೆ, ಹಬ್ಬಗಳನ್ನು ಪೋಣಿಸುವಂತೆಯೇ.

ಹಾಗೆಂದು ವೀಕ್ಷಕನನ್ನು ಪೂರ್ತಿ ಕೈಬಿಡಲಾಗದು. ಮನೆಯಲ್ಲಿ ಕುಳಿತು ದಾರಿ ಹೇಳುವವರೂ ‘ಜಯದೇವ ಆದ ಮೇಲೆ ಬಿಟಿಎಂ ಲೇಔಟ್ ಬರುತ್ತದೆ’ ಎನ್ನಬಲ್ಲರು. ‘ಬಂತು’ ಎನ್ನುವ ಅಧಿಕಾರ ದಾರಿಯಲ್ಲಿರುವವರಿಗೆ, ಅಥವಾ ಆ ಪಯಣವನ್ನು ನಿರೂಪಿಸುವವರಿಗೆ ಮಾತ್ರ. ನಿರ್ದೇಶ ಚೌಕಟ್ಟು ಇಲ್ಲಿ ಕೆಲಸ ಮಾಡುತ್ತಿರುವುದು ಧಾತ್ವರ್ಥದಲ್ಲಲ್ಲ, ಕಾಲಪ್ರತ್ಯಯದಲ್ಲಿ. ಸ್ಟೀಫನ್ ಲೆವಿನ್‌ಸನ್ (2003) ವಿವರಿಸುವ ಸಹಜ, ಸಾಪೇಕ್ಷ, ನಿರಪೇಕ್ಷ ಚೌಕಟ್ಟುಗಳು ದಿಕ್ಕನ್ನು ನಿರ್ಧರಿಸುವ ವ್ಯವಸ್ಥೆಗಳು. ಯಾವುದನ್ನು ಸ್ಥಿರವೆಂದು ಬಗೆಯಬೇಕೆಂಬ ಪ್ರಶ್ನೆಯೇ ಬೇರೆ. ಇವೆರಡನ್ನೂ ಒಂದೇ ಪದದಡಿ ತಂದು, ‘ಬಂತು’ ಎಂದವರ ಮನಸ್ಸಿನಲ್ಲಿ ನಿಲ್ದಾಣವೇ ತೇಲಿ ಬರುತ್ತದೆಂದು ಬರೆಯುವವರು ಮೊದಲು ‘ಆಯ್ತು’ ಎಂಬುದಕ್ಕೆ ಚಿತ್ರ ಬರೆದು ತೋರಿಸಬೇಕು.